ಸಾತೇನಹಳ್ಳಿಯ ಮಾಸ್ತರರು, ಹಾನಗಲ್ಲ ಹೆಸರಿನ ಹುಡುಗಿ ಮತ್ತು ನಮ್ಮ ಶಾಲೆಯ ಗ್ಯಾದರಿಂಗ್



ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. ಮಕ್ಕಳ ಪಾಲಕರಾದ ಈ ಸಂತರ ಹಬ್ಬ ಬರುವ ಹೊತ್ತಿಗೆ ನಮ್ಮ ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸೀಮೆಯ ಶಾಲೆಗಳಲ್ಲಿ ಗ್ಯಾದರಿಂಗ್ ಕಾಲ ನಡೆದಿರುತ್ತದೆ. ಗೋವಿನಜೋಳದ ರಾಶಿ ಮುಗಿದು ರೈತರ ಕೈಗೆ ಒಂದಿಷ್ಟು ಬಿಡುವು ಸಿಕ್ಕಿರುತ್ತದೆ. ಶಾಲೆಯ ಬಯಲಲ್ಲಿ ಪೆಂಡಾಲು ಏಳುತ್ತದೆ, ಮೈಕಿನವನು ಮಧ್ಯಾಹ್ನವೇ ಬಂದು ಹಲೋ ಹಲೋ ಎಂದು ಊರನ್ನೆಲ್ಲ ಎಬ್ಬಿಸುತ್ತಾನೆ.

ಇಂಥದೇ ಒಂದು ಸಂಜೆ ಚಿಕ್ಕೇರೂರಿನಲ್ಲಿ ಪ್ರೌಢಶಾಲೆ ಮಕ್ಕಳ ಕಾರ್ಯಕ್ರಮ ನೋಡುವ ಅವಕಾಶ ನನಗೆ ದೊರೆಯಿತು. ಹುಡುಗಿಯರ ಕೋಲಾಟ, ಹುಡುಗರ ಡೊಳ್ಳು ಕುಣಿತ, ಒಂದು ತತ್ವಪದ, ಒನಕೆ ಓಬವ್ವನ ಮೇಲೆ ಚಿಕ್ಕದೊಂದು ನಾಟಕ. ನಡುವೆ ತಾಲೂಕು ಮಟ್ಟದಲ್ಲಿ ಬಹುಮಾನ ಗೆದ್ದು ಬಂದ ಮಕ್ಕಳ ಹೆಸರು ಕೂಗಿ ವೇದಿಕೆಗೆ ಕರೆದರು. ನನ್ನ ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ಮಗಳ ಹೆಸರು ಕೇಳಿದ ಕೂಡಲೇ ಎದ್ದು ನಿಂತರು. ಚಪ್ಪಾಳೆ ತಟ್ಟಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಲೇ ಇದ್ದರು. ಕುಳಿತ ಮೇಲೆ ನನ್ನ ಕಡೆ ತಿರುಗಿ, "ಈಕಿ ಮನ್ಯಾಗ ಬಾಯಿ ಬಿಡಂಗಿಲ್ರಿ, ಇಲ್ಲಿ ನೋಡ್ರಿ ಹೆಂಗ ಹಾಡ್ತಾಳ" ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಬಾಯಿ ಬಿಡದ ಮಗುವಿಗೆ ಬಾಯಿ ಬಿಡುವ ಜಾಗವೊಂದನ್ನು ಶಾಲೆ ಕೊಟ್ಟಿದೆ. ಈ ಜಾಗ ನಮ್ಮ ಸೀಮೆಯಲ್ಲಿ ಎಂದಿನಿಂದ ಇದೆ, ಅದನ್ನು ಕಟ್ಟಿದವರು ಯಾರು, ಅಲ್ಲಿ ನಿಲ್ಲಲು ಯಾರಿಗೆ ಬಿಟ್ಟರು, ಯಾರಿಗೆ ಬಿಡಲಿಲ್ಲ ಎಂದು ಹುಡುಕುತ್ತ ಹೋದಾಗ ದೊರೆತ ಕೆಲವು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಹೆಸರನ್ನೇ ನೋಡೋಣ. ಮೈಸೂರು ಕಡೆಯವರು ಶಾಲಾ ವಾರ್ಷಿಕೋತ್ಸವ ಎನ್ನುತ್ತಾರೆ. ನಮ್ಮಲ್ಲಿ ಓದು ಬಾರದ ಅಜ್ಜಿಯೂ ಗ್ಯಾದರಿಂಗ್ ಎನ್ನುತ್ತಾಳೆ. ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಅದು 'ವಾರ್ಷಿಕ ಸ್ನೇಹ ಸಮ್ಮೇಳನ'. ಕಾರಣ ಸರಳ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ನಮ್ಮ ತಾಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ಸವಣೂರು ಮಾತ್ರ ಸ್ವಾತಂತ್ರ್ಯ ಬರುವ ತನಕ ನವಾಬರ ಸಂಸ್ಥಾನ. ಹಾವೇರಿ ಜಿಲ್ಲೆ ಹುಟ್ಟಿದ್ದು ತೀರ ಈಚೆಗೆ, 1997ರಲ್ಲಿ. ಮುಂಬಯಿ, ಪುಣೆ ಕಡೆಯ ಶಾಲೆ ಕಾಲೇಜುಗಳು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಸೋಶಿಯಲ್ ಗ್ಯಾದರಿಂಗ್ ಮರಾಠಿಯಲ್ಲಿ ಸ್ನೇಹ ಸಮ್ಮೇಳನವಾಗಿ, ಧಾರವಾಡದ ದಾರಿಯಿಂದ ನಮ್ಮ ಹಳ್ಳಿಗಳಿಗೆ ಬಂತು. ಸರಕಾರ ಬದಲಾಯಿತು, ಜಿಲ್ಲೆ ಬದಲಾಯಿತು, ಹೆಸರು ಉಳಿಯಿತು.

ಆದರೆ ವೇದಿಕೆಯ ಮೇಲೆ ನಡೆಯುವ ಆಟ ಮುಂಬಯಿಯಿಂದ ಬಂದದ್ದಲ್ಲ. ಇಲ್ಲಿ ಒಂದು ಸ್ವಾರಸ್ಯಕರ ಕಥೆಯಿದೆ. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿನ ದೊರೆಯ ಮುಂದೆ ಆಟ ಆಡಿತು. ಅದನ್ನು ಮೆಚ್ಚಿದ ದೊರೆ ಮರಾಠಿಯಲ್ಲಿಯೂ ಇಂಥದೊಂದು ಆಗಬೇಕೆಂದ. ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ. ಮುಂದಿನ ಮೂವತ್ತು ವರ್ಷಗಳಲ್ಲಿ ಆ ಮರಾಠಿ ಕಂಪನಿಗಳೇ ಹುಬ್ಬಳ್ಳಿ, ಧಾರವಾಡ, ಗದಗಿಗೆ ಬಂದು ಡೇರೆ ಹಾಕಿ ಹಣ ಬಾಚತೊಡಗಿದವು. ಕನ್ನಡದ ಜನ ತಮ್ಮ ಮನೆಯಿಂದ ಹೋದ ಬೀಜವನ್ನು ತಮಗೆ ಅರ್ಥವಾಗದ ಮಾತಿನಲ್ಲಿ ದುಡ್ಡು ಕೊಟ್ಟು ಕೊಂಡಂತಾಯಿತು.

ಇದನ್ನು ಕಂಡು ಮನಸ್ಸು ನೊಂದವರು ಒಬ್ಬ ಶಾಲಾ ಮಾಸ್ತರರು. ಹೆಸರು ಸಕ್ಕರಿ ಬಾಳಾಚಾರ್ಯರು. 1856ರಲ್ಲಿ ಹುಟ್ಟಿದ್ದು ನಮ್ಮ ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ. ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಗದಗಿನಲ್ಲಿ ಮಾಸ್ತರಿಕೆಗೆ ನಿಂತ ಇವರು, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿಯೇ 'ಉಷಾಹರಣ' ಎಂಬ ನಾಟಕ ಬರೆದರು. ಬರೆದರೆ ಸಾಲದು, ಆಡುವವರು ಬೇಕಲ್ಲ? 1870ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣ ದೇವರ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಕೃತಪುರವೆಂದರೆ ಗದಗ. ಉತ್ತರ ಕರ್ನಾಟಕದ ಕನ್ನಡ ನಾಟಕ ಕಂಪನಿಗಳಿಗೆಲ್ಲ ಇದೇ ಮೇಲ್ಪಂಕ್ತಿ. ನಾಡು ಅವರನ್ನು ಶಾಂತಕವಿ ಎಂದು ಕರೆಯಿತು, ಕನ್ನಡ ರಂಗಭೂಮಿಯ ಪಿತಾಮಹ ಎಂದಿತು.

ಆ ಮೇಲೂ ಅವರು ಮಾಸ್ತರರಾಗಿಯೇ ಉಳಿದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ನೌಕರಿ ಅವರನ್ನು ರಾಣೆಬೆನ್ನೂರು, ಅಗಡಿ, ಹೊಸರಿತ್ತಿ ಎಂದು ಊರೂರು ಸುತ್ತಿಸಿತು. ಬೆಳಿಗ್ಗೆ ಮಕ್ಕಳಿಗೆ ಪಾಟಿ ತಿದ್ದುವುದು, ಸಂಜೆ ನಾಟಕದ ಪದ್ಯ ತಿದ್ದುವುದು. ಕಡೆಗಾಲದಲ್ಲಿ ಕೀರ್ತನೆ ಮಾಡುತ್ತ ಕನ್ನಡದ ಏಕತೆಯ ಮಾತನ್ನು ಜನರ ಕಿವಿಗೆ ಹಾಕಿದರು. 1920ರಲ್ಲಿ ತೀರಿಕೊಂಡರು. ಸರ್ವಜ್ಞ ಹುಟ್ಟಿದ್ದು ಅಬಲೂರಲ್ಲೋ ಮಾಸೂರಲ್ಲೋ ಎಂದು ನಮ್ಮ ತಾಲೂಕಿನಲ್ಲಿ ಎಷ್ಟು ಬೇಕಾದಷ್ಟು ವಾದ ನಡೆದಿದೆ. ಸಾತೇನಹಳ್ಳಿಯ ಈ ಮಾಸ್ತರರ ಬಗ್ಗೆ ವಾದ ಮಾಡುವವರೇ ಇಲ್ಲ! ಅವರ ಹೆಸರು ಹೇಳಿದರೆ ನಮ್ಮ ಪ್ರೌಢಶಾಲೆಯ ಎಷ್ಟು ಮಕ್ಕಳಿಗೆ ಗೊತ್ತಾದೀತು?

ಇವರಿಗಿಂತ ಹಿಂದೆ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಇನ್ನೊಬ್ಬರಿದ್ದರು. ಶರೀಫ ಸಾಹೇಬರು (1819–1889) ತತ್ವಪದಗಳಿಂದ ಪ್ರಸಿದ್ಧರು. ಅವರೂ ಕೆಲಕಾಲ ಶಾಲೆಯಲ್ಲಿ ಕಲಿಸಿದವರು, ಬಯಲಾಟದ ಹುಚ್ಚು ಹಿಡಿಸಿಕೊಂಡವರು. ಮುಸ್ಲಿಮರಾಗಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುಗಳೆಂದು ಒಪ್ಪಿಕೊಂಡರು. ಇಂದು ನಮ್ಮ ಶಾಲೆಗಳಲ್ಲಿ ಜನಪದ ಗೀತೆ, ಭಾವಗೀತೆ ಎಂದು ಮಕ್ಕಳು ಎತ್ತಿಕೊಳ್ಳುವ ಹಾಡುಗಳಲ್ಲಿ ಶರೀಫರ ಪದ ಒಂದಾದರೂ ಇದ್ದೇ ಇರುತ್ತದೆ. ಈ ಇಬ್ಬರನ್ನು ನೆನೆದಾಗ, ಗ್ಯಾದರಿಂಗ್ ಹತ್ತಿರ ಬಂದಂತೆ ಪಾಠ ಬಿಟ್ಟು ತಾಲೀಮು ಮಾಡಿಸುವ ಮಾಸ್ತರರನ್ನೂ ಅಕ್ಕೋರುಗಳನ್ನೂ ಬೈಯುವ ಪಾಲಕರು ಸ್ವಲ್ಪ ತಡೆದು ಮಾತನಾಡಬೇಕೆನಿಸುತ್ತದೆ.

ನಮ್ಮ ಧರ್ಮಸಭೆಯ ಶಾಲೆಗಳಿಗೂ ಈ ಹುಚ್ಚು ಹಳೆಯದು. ಯೇಸುಸಭೆಯ ಗುರುಗಳು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಹೊರಗಿನ ಮಕ್ಕಳಿಗಾಗಿ ಶಾಲೆ ತೆರೆದರು. ಅಲ್ಲಿಂದ ಮುಂದೆ ಅವರ ಶಾಲೆ ಇದ್ದಲ್ಲೆಲ್ಲ ನಾಟಕ ಇತ್ತು. ಬಹುಮಾನ ಹಂಚುವ ದಿನ ವಿದ್ಯಾರ್ಥಿಗಳು ಆಡುವ ಲ್ಯಾಟಿನ್ ನಾಟಕ ನೋಡಲು ಊರೇ ನೆರೆಯುತ್ತಿತ್ತು. ಫ್ರಾನ್ಸಿನ ಕಾರ್ನೇಯ್, ಮೊಲಿಯೇರ್, ಸ್ಪೇನಿನ ಕಾಲ್ದೆರೋನ್ ಮುಂತಾದ ಮಹಾ ನಾಟಕಕಾರರು ಓದಿದ್ದು ಇಂಥ ಶಾಲೆಗಳಲ್ಲೇ. ಆದರೆ 1599ರಲ್ಲಿ ಜಾರಿಗೆ ಬಂದ ಯೇಸುಸಭೆಯ ಶಿಕ್ಷಣ ನಿಯಮಾವಳಿಯಲ್ಲಿ ಒಂದು ಕಟ್ಟುಪಾಡು ಇತ್ತು: ನಾಟಕ ಅಪರೂಪಕ್ಕೆ ಇರಬೇಕು, ಲ್ಯಾಟಿನ್ನಿನಲ್ಲಿರಬೇಕು, ವಸ್ತು ಪವಿತ್ರವಾಗಿರಬೇಕು, ಹೆಣ್ಣಿನ ಪಾತ್ರವಾಗಲಿ ಹೆಣ್ಣಿನ ಉಡುಪಾಗಲಿ ವೇದಿಕೆಗೆ ಬರಕೂಡದು. ಮಕ್ಕಳ ಶೀಲದ ಕಾಳಜಿಯಿಂದಲೇ ಹಾಗೆ ಬರೆದರು ಎನ್ನೋಣ. ಆದರೂ ವೇದಿಕೆ ಕಟ್ಟಿದ ಕೈಯೇ ಅದರ ಮೆಟ್ಟಿಲಿಗೆ ಬಾಗಿಲು ಹಾಕುವುದು ನಮ್ಮ ಮನೆಯ ಇತಿಹಾಸದಲ್ಲಿಯೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಸಂತ ಜಾನ್ ಬೋಸ್ಕೊರವರು ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಜನರನ್ನು ಸೇರಿಸುತ್ತಿದ್ದರು; ಆಟದ ನಡುವೆ ಜಪಮಾಲೆ ಮಾಡಿಸಿ, ದೇವಾಲಯದಲ್ಲಿ ಕೇಳಿದ ಪ್ರಬೋಧನೆಯನ್ನು ಒಪ್ಪಿಸುತ್ತಿದ್ದರು. ಗುರುಗಳಾದ ಮೇಲೆ ತೂರಿನ್ನಿನ ಬೀದಿ ಹುಡುಗರಿಗೆ ಬ್ಯಾಂಡು ಕಲಿಸಿದರು, ಪುಟ್ಟ ರಂಗವನ್ನು ಕಟ್ಟಿದರು, 1858ರಲ್ಲಿ ಅದಕ್ಕೊಂದು ನಿಯಮಾವಳಿಯನ್ನೂ ಬರೆದರು. ಗಾರೆ ಕೆಲಸ, ಚಿಮಣಿ ಒರೆಸುವ ಕೆಲಸ ಮಾಡುತ್ತಿದ್ದ ಅನಾಥ ಹುಡುಗರಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು? ತಮ್ಮ ಆಡುಮಾತಿನಲ್ಲಿಯೇ ಆಡಿದರು. ಪೋಪ್ ಎರಡನೆಯ ಜಾನ್ ಪೌಲರೂ ಪೋಲೆಂಡಿನ ವಾದೋವಿತ್ಸೆ ಎಂಬ ಸಣ್ಣ ಊರಿನ ಶಾಲೆಯಲ್ಲಿ ನಾಟಕದ ಪಾತ್ರಧಾರಿಯಾಗಿದ್ದವರು. 1999ರಲ್ಲಿ ಅವರು ಜಗತ್ತಿನ ಕಲಾವಿದರಿಗೆಂದೇ ಒಂದು ಪತ್ರ ಬರೆದಾಗ, ತಾವು ನಿಂತಿದ್ದ ಆ ಶಾಲಾ ವೇದಿಕೆ ಅವರ ಕಣ್ಣ ಮುಂದೆ ಬಂದಿರಬೇಕು. ನಮ್ಮ ರಾಜ್ಯದಲ್ಲಿಯೇ ಕನಕಪುರ ತಾಲೂಕಿನ ಹಾರೋಬೆಲೆಯ ರೈತಾಪಿ ಕ್ರೈಸ್ತರು ಯೇಸುಸ್ವಾಮಿಯ ಪಾಡಿನ ನಾಟಕವನ್ನು ನೂರಕ್ಕೂ ಮಿಕ್ಕಿದ ವರ್ಷಗಳಿಂದ ಆಡುತ್ತ ಬಂದಿದ್ದಾರೆ.

ಈಗ ಹಾನಗಲ್ಲ ಹೆಸರಿನ ಹುಡುಗಿಯ ಕಥೆಗೆ ಬರೋಣ. ನಾನು ಈ ಬರಹಕ್ಕೆ ಕೈ ಹಾಕಿದ್ದೇ ಇವರಿಗಾಗಿ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರ ಮಾರ್ಚ್ 5ರಂದು ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮನೆತನದ ಮೂಲ ಊರು ಹಾನಗಲ್ಲ. ಅದೇ ಅವರ ಅಡ್ಡಹೆಸರಾಯಿತು. ಹಾಡುವ ಹೆಂಗಸರ ಕುಲವೆಂದರೆ ಆಗಿನ ಸಮಾಜಕ್ಕೆ ಸಂಗೀತ ಬೇಕು, ಸಹವಾಸ ಬೇಡ. ಧಾರವಾಡದ ಶುಕ್ರವಾರಪೇಟೆಯಲ್ಲಿ ಅವರ ಮನೆ ಮೇಲ್ಜಾತಿಯವರ ಓಣಿಯಲ್ಲಿತ್ತು. ಚಿಕ್ಕಂದಿನಲ್ಲಿ ಪಕ್ಕದ ಸಿರಿವಂತರ ತೋಟದ ಮಾವಿನಕಾಯಿ ಕದಿಯಲು ಹೋಗಿ ಸಿಕ್ಕಿಬಿದ್ದದ್ದನ್ನು ಅವರು ವಯಸ್ಸಾದ ಮೇಲೆ ಹೇಳುತ್ತಿದ್ದರು. ಮನೆಯವರು ಗಾಬರಿಯಾದದ್ದು ಕಳ್ಳತನಕ್ಕಲ್ಲ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಎಂಬುದಕ್ಕೆ. ಬೀದಿಯಲ್ಲಿ ನಡೆದರೆ ಹಿಂದಿನಿಂದ "ಗಾನೇವಾಲಿ" ಎಂಬ ಕೂಗು.

1924ರ ಡಿಸೆಂಬರ್ ಕೊನೆಯ ವಾರ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಆ ಒಂದು ಅಧಿವೇಶನಕ್ಕೆ ಮಾತ್ರ. ಅಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆಯನ್ನು ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಇದ್ದರು. ನೋಡಿ, ಮುಂದೆ ಕರ್ನಾಟಕ ಏಕೀಕರಣದ ಉಸಿರಾದ ಹಾಡು. ದೇಶದ ದೊಡ್ಡ ದೊಡ್ಡ ನಾಯಕರೆಲ್ಲ ಕೂತು ಕೇಳಿದರು. ಹಾಡುವ ಮಗುವಿನ ಮನಸ್ಸಿನಲ್ಲಿ ಏನಿತ್ತು ಎಂದರೆ, ಊಟದ ಹೊತ್ತಿನ ಆತಂಕ! ಕೀಳು ಜಾತಿಯವಳೆಂದು ಎಲ್ಲಿ ಬೇರೆ ಕೂರಿಸುತ್ತಾರೋ, ಎಲ್ಲಿ ಎಂಜಲು ಬಳಿಯಲು ಹೇಳುತ್ತಾರೋ ಎಂದು ಹೆದರಿದ್ದಾಗಿ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಸ್ವಾತಂತ್ರ್ಯದ ಸಭೆಯಲ್ಲಿ ಹಾಡಿದ ಮಗುವಿಗೆ ಅನ್ನದ ಪಂಕ್ತಿಯಲ್ಲಿ ಧೈರ್ಯವಿರಲಿಲ್ಲ. ಪವಿತ್ರ ಬಲಿಪೂಜೆಯಲ್ಲಿ ಒಂದೇ ಮೇಜಿಗೆ ಬರುವ ನಾವು ಈ ಮಾತನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗಲಾರೆವು.

ಶಾಲೆ ಐದನೆಯ ಇಯತ್ತೆಗೆ ನಿಂತಿತು. ಆದರೆ ಸಂಗೀತ ನಿಲ್ಲಲಿಲ್ಲ, ಅದಕ್ಕೆ ಕಾರಣ ತಾಯಿ. ಮಗಳಿಗೆ ಹಿಂದೂಸ್ತಾನಿ ಪದ್ಧತಿ ಕಲಿಸಬೇಕೆಂದು 1928ರಲ್ಲಿ ಮನೆಯನ್ನೇ ಹುಬ್ಬಳ್ಳಿಗೆ ಸಾಗಿಸಿದರು. ಮಗಳ ಕಿವಿಗೆ ಎರಡು ಪದ್ಧತಿ ಬೆರೆಯಬಾರದೆಂದು ಅಂಬಾಬಾಯಿ ತಮ್ಮ ಹಾಡನ್ನೇ ಬಿಟ್ಟರು. ಮೊದಲ ಪಾಠ ಹುಲಗೂರ ಕೃಷ್ಣಾಚಾರ್ಯರಿಂದ. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುವುದು, ಪಾಠ ಮುಗಿಸಿ ಕತ್ತಲಾದ ಮೇಲೆ ರೈಲಿನಲ್ಲಿಯೇ ಹಿಂದಿರುಗುವುದು. ಅಲ್ಲಿಯೇ ಶಿಷ್ಯನಾಗಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಷನ್ನಿನ ತನಕ ಬಿಟ್ಟು ಬರುತ್ತಿದ್ದನಂತೆ. ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನ. ಐದನೆಯ ಇಯತ್ತೆ ಕಲಿತ ಆ ಹೆಣ್ಣುಮಗಳ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. ಮಾವಿನಕಾಯಿಗೆ ಸಿಟ್ಟಾಗಿದ್ದ ಮನೆಯವರೂ ಮುಂದೆ ಅವರನ್ನು ಕರೆದು ಆದರಿಸಿದರು. ಇದನ್ನು ಹೇಳುವಾಗ ಗಂಗಜ್ಜಿ ನಗುತ್ತಿದ್ದರು.

ಒಬ್ಬ ಗಂಗೂಬಾಯಿಗೆ ಅಂಥ ತಾಯಿ ಇದ್ದರು. ಅಂದು ಬೆಳಗಾವಿಯಲ್ಲಿ ಜೊತೆಗೆ ಹಾಡಿದ ಉಳಿದ ಬಾಲಕಿಯರು? ಅವರ ದನಿ ಆ ಮೇಲೆ ಯಾರ ಕಿವಿಗೆ ಬಿತ್ತು?

ಸರಕಾರ ಈ ವಿಷಯದಲ್ಲಿ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2000ದ ದಶಕದ ಆರಂಭದಿಂದ ಶಿಕ್ಷಣ ಇಲಾಖೆ 'ಪ್ರತಿಭಾ ಕಾರಂಜಿ' ನಡೆಸುತ್ತಿದೆ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಮಕ್ಕಳು ಏರುತ್ತಾರೆ. ಕಂಠಪಾಠ, ಛದ್ಮವೇಷ, ಜನಪದ ಗೀತೆ, ಕೋಲಾಟ, ಆಶುಭಾಷಣ, ಭರತನಾಟ್ಯ, ಕವ್ವಾಲಿ, ಎಲ್ಲಕ್ಕೂ ಜಾಗವಿದೆ. ಖಾಸಗಿ ಸಂಗೀತ ತರಗತಿಗೆ ಹೋಗಲಾರದ ಹಳ್ಳಿ ಮಗುವಿಗೆ ಇದೊಂದೇ ತೆರೆದ ಬಾಗಿಲು. ನೆರೆಯ ಕೇರಳದಲ್ಲಿ 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಶಾಲಾ ಕಲೋತ್ಸವ ಇನ್ನೂ ದೊಡ್ಡದು. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಅಲ್ಲಿ ಯಕ್ಷಗಾನ ಆಡಿ ಬಹುಮಾನ ತರುತ್ತಾರೆ. 2019ರಲ್ಲಿ ಆ ಉತ್ಸವ ಅದೇ ಜಿಲ್ಲೆಯ ಕಾಞಂಗಾಡಿನಲ್ಲಿಯೇ ನಡೆಯಿತು. ಗಡಿಯಾಚೆ ಉಳಿದ ಮಕ್ಕಳಿಗೆ ತಮ್ಮ ಮಾತನ್ನು ಹೊತ್ತುಕೊಂಡು ನಿಲ್ಲಲು ಶಾಲೆಯ ವೇದಿಕೆಯೇ ನೆಲವಾಯಿತು.

ಸ್ಪರ್ಧೆಯಲ್ಲಿ ಒಂದು ತೊಡಕೂ ಇದೆ. ಗೆದ್ದ ಮಗುವಿನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಧರ್ಮಕೇಂದ್ರದ ಪ್ರಕಟಣೆಯಲ್ಲಿಯೂ ಓದುತ್ತಾರೆ. ಬಾಡಿಗೆ ವೇಷಭೂಷಣ, ಮೇಕಪ್ಪಿನವರು, ಜೀಪಿನ ಖರ್ಚು ಎಲ್ಲ ಕೂಡಿದರೆ ಕೂಲಿ ಮನೆಯವರು ಮೊದಲ ಮೆಟ್ಟಿಲಿಗೇ ಕೈ ಮುಗಿಯುತ್ತಾರೆ. ಶಾಲೆಯ ಹೆಸರು ಮೇಲೆ ಬರಬೇಕೆಂಬ ಆಸೆಯಲ್ಲಿ ಗೆಲ್ಲುವ ನಾಲ್ವರನ್ನೇ ಎಲ್ಲ ಸ್ಪರ್ಧೆಗೆ ಕಳಿಸಿ ಉಳಿದ ನಲವತ್ತು ಮಂದಿಯನ್ನು ಚಪ್ಪಾಳೆಗೆ ಕೂರಿಸುವುದನ್ನೂ ಕಂಡಿದ್ದೇನೆ. ಬಿ.ವಿ. ಕಾರಂತರು ಮೂರನೆಯ ತರಗತಿಯ ಹುಡುಗನಾಗಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದರು. ಆ ಮಾಸ್ತರರು ಬಹುಮಾನ ತರುವ ಹುಡುಗ ಯಾರೆಂದು ಲೆಕ್ಕ ಹಾಕಿ ಆರಿಸಿದ್ದರೆ ಏನಾಗುತ್ತಿತ್ತೋ! ಹಾನಗಲ್ಲಿಗೆ ಹೊಂದಿಕೊಂಡ ಮುಂಡಗೋಡ, ಅದರಾಚೆಯ ಯಲ್ಲಾಪುರದ ಕಾಡಂಚಿನ ಸಿದ್ದಿ ಜನರನ್ನೇ ನೋಡಿ. ಅವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇವೆ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಸಿದ್ದಿಗಳನ್ನೇ ಕಲೆಹಾಕಿ, ಆಫ್ರಿಕಾದ ಚಿನುವಾ ಅಚೆಬೆಯವರ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂದು ಆಡಿಸಿದರು. ಶಾಲೆಯಲ್ಲಿ ಹಿಂದಿನ ಬೆಂಚಿಗೆ ಕಳಿಸುತ್ತಿದ್ದ ಮೈಬಣ್ಣ ಅಲ್ಲಿ ನಾಟಕದ ನಡುವಿಗೆ ಬಂತು.

ಒಂದು ಸ್ವಂತ ಮಾತು ಹೇಳಿ ಮುಗಿಸುತ್ತೇನೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನ ಹೆಸರು, ಶಾಲೆಯ ಹೆಸರು ಬೇಡ. ಗ್ಯಾದರಿಂಗಿನಲ್ಲಿ ಆಕೆ ಹಾಡಿದರೆ ಹೊರಗೆ ಶೇಂಗಾ ಮಾರುವವರು ಕೂಡ ಬುಟ್ಟಿ ಬಿಟ್ಟು ಬಂದು ನಿಲ್ಲುತ್ತಿದ್ದರು. ಆ ವರ್ಷ ಆಕೆಗೆ ಮೊದಲ ಬಹುಮಾನ ಬಂತು. ಬಹುಮಾನವೆಂದರೆ ಹೆಸರು ಕೊರೆಸಿದ ಒಂದು ಸ್ಟೀಲಿನ ಲೋಟ. ಮುಖ್ಯ ಅತಿಥಿಗಳು ಆಕೆಯ ಮೇಲೆಯೇ ಹತ್ತು ನಿಮಿಷ ಭಾಷಣ ಮಾಡಿದರು. ಜೂನಿನಲ್ಲಿ ಶಾಲೆ ಶುರುವಾದಾಗ ಆಕೆ ಬರಲಿಲ್ಲ. ಮದುವೆ ಗೊತ್ತಾಗಿತ್ತು. ಯಾರೂ ಹೋಗಿ ಕೇಳಲಿಲ್ಲ. ಮಾಸ್ತರರು ಹಾಜರಿ ಪುಸ್ತಕದಲ್ಲಿ ಒಂದು ತಿಂಗಳು ಆಕೆಯ ಹೆಸರು ಕೂಗಿದರು, ಆಮೇಲೆ ಕೆಂಪು ಗೆರೆ ಎಳೆದರು. ನಾನೂ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ, ಕೇಳದೆ ಉಳಿದವರಲ್ಲಿಯೂ ಒಬ್ಬ.

ಬಹಳ ವರ್ಷಗಳ ಮೇಲೆ ಹಿರೇಕೆರೂರಿನ ಸಂತೆಯಲ್ಲಿ ಆಕೆ ಸಿಕ್ಕಳು. ಗುರುತು ಹಿಡಿದದ್ದು ಆಕೆಯೇ. ಜೊತೆಗೆ ಶಾಲೆಯ ಉಡುಪಿನಲ್ಲಿ ಮೊಮ್ಮಗಳಿದ್ದಳು. ಈಗಲೂ ಹಾಡುತ್ತೀಯೇನವ್ವಾ ಎಂದು ಕೇಳಿದೆ. "ಲಗ್ನದಾಗ ಸೋಬಾನ ಪದ ಹಾಡ್ತೀನ್ರಿ, ಅಷ್ಟ" ಎಂದಳು. ಆ ಲೋಟ ಇನ್ನೂ ಮನೆಯಲ್ಲಿ ಇದೆಯಂತೆ, ಹೆಸರು ಅರ್ಧ ಅಳಿಸಿದೆಯಂತೆ. ಮೊಮ್ಮಗಳು ಜನಪದ ಗೀತೆಯಲ್ಲಿ ತಾಲೂಕಿಗೆ ಬಂದಿದ್ದಾಳೆ ಎಂದು ಹೇಳಿ ಅವಳನ್ನು ಮುಂದಕ್ಕೆ ತಳ್ಳಿದಳು. ಹುಡುಗಿ ನಾಚಿ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಮುಂದಿನ ವರ್ಷ ಕಳಿಸುತ್ತೀರಲ್ಲ ಎಂದು ಈ ಸಲ ನಾನು ಕೇಳಿದೆ. ಆಕೆ ಕಾಯಿಪಲ್ಲೆಯ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, "ಅವರಪ್ಪನ್ನ ನೀವೂ ಒಂದೀಟು ಕೇಳ್ರಿ" ಎಂದಳು. ಮುಂದಿನ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಆ ಊರಿಗೆ ಹೋಗುವುದೆಂದು ಮಾತಾಯಿತು.